ಜೋಳದ ಹಿಟ್ಟು, ರಾಗಿ ಹಿಟ್ಟು: ದಿನದ ಅಡುಗೆಯಲ್ಲಿ ನನ್ನ ಅನುಭವ

ನನ್ನ ತವರು ವಿಜಯಪುರದ ಕಡೆ, ಗಂಡನ ಮನೆ ಹಾಸನದ ಕಡೆ, ನಾವಿರುವುದು ಬೆಂಗಳೂರಲ್ಲಿ. ಹಾಗಾಗಿ ನಮ್ಮನೆಯಲ್ಲಿ ಜೋಳದ ಹಿಟ್ಟೂ ಬೇಕು, ರಾಗಿ ಹಿಟ್ಟೂ ಬೇಕು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿದಾಗ ಪರಿಚಯದವರು ಎಷ್ಟೋ ಜನ ಉತ್ಸಾಹದಿಂದ ಈ ಹಿಟ್ಟುಗಳನ್ನು ತಂದರು. ಆಮೇಲೆ ರೊಟ್ಟಿ ಹರಿಯುತ್ತೆ, ಮುದ್ದೆ ಗಂಟಾಗುತ್ತೆ ಅಂತ ಬಿಟ್ಟೇ ಬಿಟ್ಟರು. ನನಗೆ ಬೇಜಾರಾಗುವುದು ಇಲ್ಲೇ. ಗೋಧಿ ಹಿಟ್ಟಿನ ಅಭ್ಯಾಸವನ್ನು ಬದಿಗಿಟ್ಟರೆ ಇವೆರಡೂ ಕಷ್ಟದ ಹಿಟ್ಟುಗಳೇ ಅಲ್ಲ.

ಮೊದಲು ಜೋಳ. ಗೋಧಿಯಲ್ಲಿ ಗ್ಲುಟೆನ್ ಅನ್ನುವ ಜಿಗುಟು ಪ್ರೋಟೀನ್ ಇರುವುದರಿಂದ ತಣ್ಣೀರಲ್ಲಿ ಕಲಸಿದರೂ ಹಿಟ್ಟು ಎಳೆದಂಗೆ ಬರುತ್ತದೆ. ಜೋಳದಲ್ಲಿ ಅದಿಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಅರ್ಧ ಬೆಂದು ಅಂಟಾಗುತ್ತದೆ, ರೊಟ್ಟಿ ಒಡೆಯದೆ ಬರುವುದು ಆ ಅಂಟಿನಿಂದಲೇ. ನಾನು ಪರಾತದಲ್ಲಿ ಹಿಟ್ಟು ಹಾಕಿ ನಡುವೆ ಗುಂಡಿ ಮಾಡಿ, ಚೆನ್ನಾಗಿ ಕುದಿಯುತ್ತಿರುವ ಎಸರನ್ನೇ ಸುರಿಯುತ್ತೇನೆ. ಬೆಚ್ಚಗಿನ ನೀರು ಸಾಲದು. ಚಮಚದ ಹಿಂಬದಿಯಿಂದ ಕಲೆಸಿ, ಎರಡು ನಿಮಿಷ ಮುಚ್ಚಿಟ್ಟು, ಕೈ ತಡೆಯುವಷ್ಟು ಬಿಸಿ ಇರುವಾಗಲೇ ನಾದಲು ಶುರು ಮಾಡುತ್ತೇನೆ. ಕೈ ಸುಟ್ಟರೆ ತಣ್ಣೀರಲ್ಲಿ ಅದ್ದಿಕೊಳ್ಳುವುದು. ಎಲ್ಲವನ್ನೂ ಒಟ್ಟಿಗೆ ನಾದಿ ಇಟ್ಟುಬಿಡಬೇಡಿ, ಒಂದೊಂದು ರೊಟ್ಟಿಗೆ ಬೇಕಾದಷ್ಟನ್ನು ಆಗಾಗಲೇ ತೆಗೆದು ಅಂಗೈಯ ಬುಡದಿಂದ ಮುಂದಕ್ಕೆ ತಿಕ್ಕಿ ತಿಕ್ಕಿ ನಾದಬೇಕು. ಉಂಡೆಯ ಅಂಚು ಬಿರುಕು ಬಿಡದೆ ನುಣ್ಣಗಾಯಿತಾ, ಅದು ರೊಟ್ಟಿ ಬಡಿಯಲು ತಯಾರು. ಬಡಿಯಲು ಕೈ ಕೂರದಿದ್ದರೆ ಲಟ್ಟಣಿಗೆಯಲ್ಲಿ ಹಗುರವಾಗಿ ಲಟ್ಟಿಸಿ, ಏನೂ ತೊಂದರೆ ಇಲ್ಲ. ಹಂಚಿನ ಮೇಲೆ ಹಾಕಿದ ತಕ್ಷಣ ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರಿ, ಆ ನೀರು ಆರುತ್ತಿದ್ದಂತೆ ತಿರುವಿ ಹಾಕಬೇಕು. ಪೂರ್ತಿ ಒಣಗಲು ಬಿಟ್ಟರೆ ಬಿರುಕು ಬಿಡುತ್ತದೆ, ಉಬ್ಬುವುದಿಲ್ಲ.

ಇಷ್ಟು ಮಾಡಿಯೂ ಹರಿದರೆ ಹಿಟ್ಟು ಹಳೆಯದು ಅಂತಲೇ ಅರ್ಥ. ರೊಟ್ಟಿ ಸರಿ ಬರಲಿಲ್ಲ ಅಂತ ಫೋನ್ ಮಾಡಿದರೆ ಅವ್ವ ಮೊದಲು ಕೇಳುವುದು, "ಹಿಟ್ಟು ಯಾವಾಗ ಬೀಸ್ಕೊಂಡ ಬಂದೀಯವ್ವಾ?" ಅಂತ. ದಿನ ಕಳೆದಂತೆ ಜೋಳದ ಹಿಟ್ಟಿನ ಜಿಗಿ ಹೋಗುತ್ತದೆ. ಆದ್ದರಿಂದ ನಾನು ಪ್ಯಾಕೆಟ್ ಹಿಟ್ಟು ತರುವುದಿಲ್ಲ. ಊರಿಂದ ಹಿಂಗಾರಿ ಬಿಳಿ ಜೋಳ ತರಿಸಿ, ಹಸನು ಮಾಡಿಟ್ಟುಕೊಂಡು, ವಾರಕ್ಕೋ ಹತ್ತು ದಿನಕ್ಕೋ ಆಗುವಷ್ಟು ಬೀಸಿಸುತ್ತೇನೆ. ನಮ್ಮ ಕಡೆಯ ಎರಿ ಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಮಳೆಗಾಲ ಮುಗಿದ ಮೇಲೆ ನೆಲದಲ್ಲಿ ಉಳಿದ ತೇವದಲ್ಲೇ ಬೆಳೆಯುವ ಮಾಲ್ದಂಡಿ ಜೋಳದ ರುಚಿಯೇ ಬೇರೆ. ಮುಂಗಾರಿಯ ಹೈಬ್ರಿಡ್ ಜೋಳದ ತೆನೆ ಮಳೆಗೆ ಸಿಕ್ಕರೆ ಕಾಳು ಕಪ್ಪಾಗುತ್ತದೆ, ರೊಟ್ಟಿಗೂ ಆ ಬಿಳುಪು, ಆ ಸಿಹಿ ಬರುವುದಿಲ್ಲ. ಗಿರಣಿಯಿಂದ ಬಂದ ಹಿಟ್ಟು ಬಿಸಿ ಇರುತ್ತದೆ. ಹಾಗೇ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ ಬೇಗ ಕೆಡುತ್ತದೆ, ಪೇಪರ್ ಮೇಲೆ ಹರಡಿ ಆರಿಸಿ ತುಂಬಿ.

ಸಜ್ಜೆ ಹಿಟ್ಟಿಗೆ ಇನ್ನೂ ಅವಸರ. ಅದರಲ್ಲಿ ಎಣ್ಣೆಯಂಶ ಜಾಸ್ತಿ, ಬೀಸಿದ ಮೇಲೆ ಬೇಗ ಕಹಿಯಾಗುತ್ತದೆ. ಚಳಿಗಾಲದಲ್ಲಿ, ಭೋಗಿ ಹಬ್ಬದ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡುವಾಗ ನಾಲ್ಕು ದಿನಕ್ಕೆ ಸಾಕಾಗುವಷ್ಟೇ ಬೀಸಿಸುತ್ತೇನೆ.

ಇನ್ನು ರಾಗಿ. ಇದನ್ನು ಕಲಿಸಿದ್ದು ನಮ್ಮತ್ತೆ. ಕಾಳು ಸಣ್ಣದು, ಸಿಪ್ಪೆ ಸಮೇತ ಹಿಟ್ಟಾಗುತ್ತದೆ, ಹಾಗಾಗಿ ನಾರು, ಕ್ಯಾಲ್ಸಿಯಂ ಎಲ್ಲ ಹಿಟ್ಟಿನಲ್ಲೇ ಉಳಿಯುತ್ತದೆ. 100 ಗ್ರಾಂ ರಾಗಿಯಲ್ಲಿ ಹೆಚ್ಚುಕಡಿಮೆ 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿಯಲ್ಲಿ ಇದರ ಹತ್ತಿರಕ್ಕೂ ಇಲ್ಲ. ಮುದ್ದೆಗೆ ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು, ಹಿಟ್ಟು ತರಿ ಇದ್ದರೆ ಸ್ವಲ್ಪ ಹೆಚ್ಚು. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಎಸರಿಗೆ ಹಾಕಿ ಕುದಿಸುತ್ತೇನೆ. ಅದು ಕುದ್ದು ಗಂಜಿಯಂತಾದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲು ನಿಲ್ಲಿಸಿ, ಉರಿ ಸಣ್ಣ ಮಾಡಿ ಐದು ನಿಮಿಷ ಮುಟ್ಟುವುದಿಲ್ಲ. ಹೊಸಬರಿಗೆ ಈ ಐದು ನಿಮಿಷವೇ ಕಷ್ಟ. ಕೈ ಸುಮ್ನೆ ಇರುವುದಿಲ್ಲ, ಕದಡಿಬಿಡುತ್ತಾರೆ, ಗಂಟಾಗುವುದು ಅದಕ್ಕೇ. ಹಿಟ್ಟಿನ ಸುತ್ತ ಗುಳ್ಳೆ ಎದ್ದು ಮೇಲಕ್ಕೆ ಬಂದ ಮೇಲೆ ಕೋಲಿನಿಂದ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತಿರುವಬೇಕು. ಆಮೇಲೆ ಮುಚ್ಚಿ ಎರಡು ನಿಮಿಷ ಹಬೆಯಲ್ಲಿ ಬಿಡಬೇಕು. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು, ಹಸಿ ವಾಸನೆ ಇರಬಾರದು. "ಹಿಟ್ಟು ಬೆಂದಿಲ್ಲ ಅಂದ್ರೆ ಹೊಟ್ಟೆ ಹೇಳುತ್ತೆ ಕಣಮ್ಮ" ಅನ್ನುತ್ತಾರೆ ಅತ್ತೆ.

ಮೊಳಕೆ ರಾಗಿ ಹಿಟ್ಟು ಬೇರೆ ಡಬ್ಬಿಯಲ್ಲಿಟ್ಟಿದ್ದೇನೆ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಸಣ್ಣ ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ, ಘಮ ಬರುವಷ್ಟು ಹುರಿದು ಬೀಸಿಸುವುದು. ಮೊಳಕೆ ಬಂದಾಗ ಕಬ್ಬಿಣದಂಶ ಮೈಗೆ ಹತ್ತುವುದು ಸುಲಭವಾಗುತ್ತದೆ. ಪಿಷ್ಟ ಒಡೆಯುವುದರಿಂದ ಗಂಜಿಯೂ ತೆಳ್ಳಗಾಗುತ್ತದೆ. ಮಕ್ಕಳಿಗೆ ಕುಡಿಸುವ ಸರಿಗೆ (ಗಂಜಿಗೆ) ಇದು ಬಹಳ ಒಳ್ಳೆಯದು, ಹೆಚ್ಚು ಹಿಟ್ಟು ಹಾಕಿದರೂ ಕುಡಿಯುವ ಹದದಲ್ಲೇ ಇರುತ್ತದೆ. ಆದರೆ ಇದರಲ್ಲಿ ಮುದ್ದೆ ಮಾಡಲು ಹೋಗಬೇಡಿ, ಅದೇ ಕಾರಣಕ್ಕೆ ಗಟ್ಟಿ ನಿಲ್ಲುವುದಿಲ್ಲ. ದೋಸೆಗೆ ಮಾಮೂಲಿ ರಾಗಿ ಹಿಟ್ಟು ಸಾಕು. ಮೂರು ಲೋಟ ಹಿಟ್ಟಿಗೆ ಒಂದು ಲೋಟ ಉದ್ದು ನೆನೆಸಿ ರುಬ್ಬಿ ಸೇರಿಸಿ ರಾತ್ರಿ ಹುದುಗಲು ಬಿಟ್ಟರೆ ಬೆಳಗ್ಗೆ ಗರಿಗರಿ ದೋಸೆ.

ಒಂದು ಮಾತು ಖಂಡಿತ ಹೇಳಬೇಕು. ರಾಗಿ ತಿಂದರೆ ಶುಗರ್ ಹೋಗುತ್ತೆ ಅಂತ ಯಾರೋ ಹೇಳಿದ್ದನ್ನು ನಂಬಿ ದೊಡ್ಡ ದೊಡ್ಡ ಮುದ್ದೆ ಉಣ್ಣುವವರಿದ್ದಾರೆ. ರಾಗಿಯಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ಮುದ್ದೆ ಚಿಕ್ಕದಿರಲಿ, ಸೊಪ್ಪಿನ ಸಾರು, ಹುರುಳಿ ಕಾಳು ಜಾಸ್ತಿ ಇರಲಿ. ಜೋಳಕ್ಕೂ ಇದೇ ಮಾತು. ಅದರ ಪ್ರೋಟೀನಿನಲ್ಲಿ ಮೈಗೆ ಬೇಕಾದ ಲೈಸಿನ್ ಅನ್ನುವ ಅಮೈನೋ ಆಮ್ಲ ಕಡಿಮೆ, ಬೇಳೆ ಕಾಳು ಜೊತೆಗಿದ್ದರೆ ಆ ಕೊರತೆ ತುಂಬುತ್ತದೆ. ರೊಟ್ಟಿ ಜೊತೆ ಮಡಿಕೆ ಕಾಳಿನ ಪಲ್ಯ, ಜುಣಕ, ಶೇಂಗಾ ಚಟ್ನಿ ಇರುವುದು ರುಚಿಗಷ್ಟೇ ಅಲ್ಲ ಅಲ್ವಾ.

ರೊಟ್ಟಿ, ಮುದ್ದೆ ಎರಡಕ್ಕೂ ಈಗಲೇ ಧೈರ್ಯ ಬರದಿದ್ದರೆ ಥಾಲಿಪಟ್ಟಿನಿಂದ ಶುರು ಮಾಡಿ. ಎರಡು ಪಾಲು ಜೋಳದ ಹಿಟ್ಟು, ಅರ್ಧ ಪಾಲು ಕಡಲೆ ಹಿಟ್ಟು, ಅರ್ಧ ಪಾಲು ಗೋಧಿ ಹಿಟ್ಟು, ಜೊತೆಗೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಮೆಂತ್ಯ ಸೊಪ್ಪು, ಹಸಿಮೆಣಸಿನಕಾಯಿ, ಓಂಕಾಳು, ಉಪ್ಪು. ಬಿಸಿ ನೀರಲ್ಲಿ ಮೆತ್ತಗೆ ಕಲಸಿ, ಎಣ್ಣೆ ಸವರಿದ ತಣ್ಣನೆಯ ತವಾ ಮೇಲೆಯೇ ತಟ್ಟಿ, ನಡುವೆ ಎರಡು ಮೂರು ತೂತು ಮಾಡಿ ಎಣ್ಣೆ ಬಿಟ್ಟು, ಮುಚ್ಚಿ ಬೇಯಿಸಿ. ಈರುಳ್ಳಿಯ ನೀರಿರುವುದರಿಂದ ಆರಿದರೂ ಗಟ್ಟಿಯಾಗುವುದಿಲ್ಲ, ಮಧ್ಯಾಹ್ನದ ಡಬ್ಬಿಗೆ ಮೊಸರಿನ ಜೊತೆ ಧಾರಾಳವಾಗಿ ಕಟ್ಟಬಹುದು.