ಕಾಲು ಹಿಡಿದ ಮೇಲೂ ಕೈ ಬಿಡಬಾರದು

ದಾವಣಗೆರೆಯ ಹಳೇ ಊರಿನಲ್ಲಿ ಬೆಳೆದವರಿಗೆ, ನೆಲಕ್ಕೆ ಬೆನ್ನು ಕೊಟ್ಟರೆ ಸೋತಂತೆ ಎಂಬ ತಿಳಿವಳಿಕೆ ಗರಡಿ ಮನೆಯ ಮಣ್ಣಿನೊಂದಿಗೇ ಮೈಗೆ ಹತ್ತಿರುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಚಿತ್ತಾದವನು ಎದ್ದು ಮಣ್ಣು ಕೊಡವಿಕೊಂಡು ಹೊರನಡೆಯುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಹಾಗಾಗಿ ನೆಲಕ್ಕೆ ಬಿದ್ದ ಮೇಲೂ ಪಟ್ಟು ಹಾಕಿ ಸೆಣಸುವ ಬ್ರೆಜಿಲಿಯನ್ ಜಿಯು-ಜಿಟ್ಸು ಕಲಿಯಲು ತೊಡಗಿದಾಗ, ಬೆನ್ನ ಮೇಲೆ ಮಲಗಿ ಕಾಲುಗಳಿಂದ ಎದುರಾಳಿಯನ್ನು ತಡೆದು ಹಿಡಿಯುವ ಗಾರ್ಡ್ ಎಂಬ ಸ್ಥಿತಿಯನ್ನು ಒಪ್ಪಿಕೊಳ್ಳಲು ನನಗೆ ತಿಂಗಳುಗಳೇ ಬೇಕಾದವು. ಜಪಾನಿನ ಜೂಡೋ ಪಟು ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲ್ ತಲುಪಿ, ಮುಂದೆ ಅಲ್ಲಿನ ಯುವಕ ಕಾರ್ಲೋಸ್ ಗ್ರೇಸಿಗೆ ಈ ವಿದ್ಯೆಯನ್ನು ಕಲಿಸಿದರು. ಜೂಡೋದಲ್ಲಿಯೂ ಬೆನ್ನ ಮೇಲೆ ಸರಿಯಾಗಿ ಎಸೆಯಲ್ಪಟ್ಟವನು ಅಲ್ಲಿಗೇ ಸೋಲುತ್ತಾನೆ. ಅದೇ ಮೂಲದಿಂದ ಬಂದ ಜಿಯು-ಜಿಟ್ಸುವಿನಲ್ಲಿ ಮಾತ್ರ ಬಿದ್ದ ಮೇಲೂ ಆಟ ನಡೆಯುತ್ತದೆ, ಮತ್ತು ನನ್ನನ್ನು ಹಿಡಿದಿಟ್ಟುಕೊಂಡಿರುವುದು ಅದೇ.

ನಾವು ನಾಲ್ಕೈದು ಜನ ಸೇರಿ ಬಾಡಿಗೆಗೆ ಹಿಡಿದ ಒಂದು ಹಾಲಿನಲ್ಲಿ ಮ್ಯಾಟ್ ಹಾಸಿ ಸಂಜೆ ಅಭ್ಯಾಸ ಮಾಡುತ್ತೇವೆ. ನನ್ನ ಜೋಡಿ ನನಗಿಂತ ಎಂಟು ವರ್ಷ ದೊಡ್ಡವರು, ಗರಡಿಯಲ್ಲಿ ಪಳಗಿದ ಪೈಲ್ವಾನರು. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತೇನೆ. ನಾನು ಸೊಂಟಕ್ಕೆ ಕಾಲು ಸುತ್ತಿ ಬೀಗ ಹಾಕಿದೆನೆಂದರೆ, ಅವರು ಒಂದು ಕ್ಷಣವೂ ಮಂಡಿಯ ಮೇಲೆ ಉಳಿಯದೆ ಎದ್ದು ನಿಂತುಬಿಡುತ್ತಾರೆ. ಹೀಗೆ ನಿಂತವರನ್ನು ಏನು ಮಾಡಬೇಕೆಂಬುದೇ ನನಗೆ ಒಂದು ವರ್ಷದ ಪಾಠವಾಯಿತು.

ನಾನು ಮೊದಲು ಕಲಿತದ್ದು ಎರಡೂ ಹಿಮ್ಮಡಿಗಳನ್ನು ಹಿಡಿದು ಕೆಡವುವ ಸ್ವೀಪ್, ಅಂದರೆ ಕೆಳಗಿದ್ದವನು ಎದುರಾಳಿಯನ್ನು ಕೆಡವಿ ತಾನು ಮೇಲೆ ಬರುವ ಪಟ್ಟು. ಎದುರಾಳಿ ಎದ್ದ ಕೂಡಲೇ ಕಾಲಿನ ಬೀಗ ಬಿಚ್ಚಿ, ಅವನ ಪಾದಗಳ ಹತ್ತಿರಕ್ಕೆ ಸೊಂಟ ಇಳಿಸಿ, ಎರಡೂ ಹಿಮ್ಮಡಿಗಳನ್ನು ಹಿಂದಿನಿಂದ ಹಿಡಿದು, ಮಂಡಿಗಳನ್ನು ಬಿಗಿದು ಸೊಂಟದಿಂದ ಮುಂದಕ್ಕೆ ನೂಕಿದರೆ ಅವನು ಹಿಂದೆ ಹೆಜ್ಜೆ ಇಡಲಾಗದೆ ಕುಕ್ಕರಿಸುತ್ತಾನೆ. ಅಣ್ಣ ಬೀಳುತ್ತಿದ್ದರು ನಿಜ, ಆದರೆ ನಾನು ಏಳುವಷ್ಟರಲ್ಲಿ ಎರಡೂ ಕೈಗಳನ್ನು ಹಿಂದೆ ಊರಿ ಮತ್ತೆ ನಿಂತಿರುತ್ತಿದ್ದರು. ಸ್ಪರ್ಧೆಯ ನಿಯಮದಲ್ಲಿ ಸ್ವೀಪ್‌ಗೆ 2 ಅಂಕ ಸಿಗಬೇಕಾದರೆ ಮೇಲೆ ಬಂದ ನಂತರ 3 ಸೆಕೆಂಡು ಆ ಸ್ಥಿತಿಯನ್ನು ಉಳಿಸಿಕೊಳ್ಳಬೇಕು. ನನಗೆ ಮೇಲೆ ಬರುವುದೇ ಆಗುತ್ತಿರಲಿಲ್ಲ. ಒಂದು ಸಂಜೆ ಹೀಗೆಯೇ ಐದಾರು ಬಾರಿ ಆದ ಮೇಲೆ ಅವರು ಕೇಳಿದರು: "ಕಾಲೇನೋ ಹಿಡ್ದಿ ತಮ್ಮಾ, ಕೈ ಯಾಕ್ ಬಿಟ್ಟಿ?"

ಆ ಪ್ರಶ್ನೆಯೇ ನನ್ನ ಅಭ್ಯಾಸವನ್ನು ಬದಲಿಸಿತು. ಅಲ್ಲಿಯವರೆಗೆ ಕೆಡವುವುದು ಒಂದು ಕೆಲಸ, ಆಮೇಲೆ ಪಟ್ಟು ಹಾಕಿ ಸೋಲೊಪ್ಪಿಸುವುದು ಇನ್ನೊಂದು ಕೆಲಸ ಎಂದುಕೊಂಡಿದ್ದೆ. ಅವೆರಡನ್ನೂ ಹೊಲಿಯುವ ದಾರ ಎದುರಾಳಿಯ ತೋಳೇ ಆಗಿದೆ. ಈಗ ನನ್ನ ಬಲಗೈ ಅವರ ಅಂಗಿಯ ಬಲ ತೋಳಿನ ಅಂಚನ್ನು ಹಿಡಿದಿರುತ್ತದೆ; ಬೆರಳುಗಳನ್ನು ಅಂಗಿಯ ತೋಳಿನೊಳಕ್ಕೆ ತೂರಿಸುವುದು ನಿಯಮಬಾಹಿರವಾದ್ದರಿಂದ ಬಟ್ಟೆಯನ್ನು ಹೊರಗಿನಿಂದಲೇ ಮಡಿಸಿ ಹಿಡಿಯುತ್ತೇನೆ. ಎಡಗೈ ಅವರ ಬಲ ಹಿಮ್ಮಡಿಯ ಹಿಂದೆ, ಎಡ ಪಾದ ಅವರ ಬಲ ಸೊಂಟದ ಮೇಲೆ, ಬಲ ಪಾದ ಅವರ ಎಡ ಹಿಮ್ಮಡಿಯ ಹಿಂದೆ ಕೊಕ್ಕೆಯಂತೆ. ಟ್ರೈಪಾಡ್ ಸ್ವೀಪ್ ಎಂಬ ಹೆಸರು ಕೈ ಮತ್ತು ಎರಡು ಪಾದಗಳ ಈ ಮೂರು ತಾಣಗಳನ್ನು ನೆನಪಿಡಲು ಅನುಕೂಲವಾಗಿದೆ.

ತಾಣಗಳು ಸರಿಯಾಗಿದ್ದರೂ ಪೈಲ್ವಾನರು ಸುಲಭಕ್ಕೆ ಬೀಳುವುದಿಲ್ಲ. ಅವರು ಮುಂದಕ್ಕೆ ಬಾಗಿ ನಿಲ್ಲುತ್ತಾರೆ, ಭಾರವೆಲ್ಲ ಮುಂಗಾಲಿನ ಮೇಲಿರುತ್ತದೆ. ಆಗ ಸೊಂಟವನ್ನು ಎಷ್ಟು ನೂಕಿದರೂ ಗೋಡೆಯನ್ನು ನೂಕಿದಂತೆಯೇ. ಆದ್ದರಿಂದ ನಾನು ಮೊದಲು ತೋಳನ್ನು ನನ್ನತ್ತ ಜಗ್ಗುತ್ತೇನೆ. ಮುಗ್ಗರಿಸಬಾರದೆಂದು ಅವರು ಬೆನ್ನು ನೆಟ್ಟಗೆ ಮಾಡಿ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ನನ್ನ ಕಣ್ಣು ಅವರ ಕಾಲ್ಬೆರಳುಗಳ ಮೇಲಿರುತ್ತದೆ. ಹೆಬ್ಬೆರಳು ಮ್ಯಾಟಿನಿಂದ ಸ್ವಲ್ಪವೇ, ಒಂದು ಅಕ್ಕಿ ಕಾಳಿನಷ್ಟು, ಮೇಲೆದ್ದರೆ ಭಾರ ಹಿಮ್ಮಡಿಗೆ ಬಂದಿದೆ ಎಂದೇ ಅರ್ಥ. ಆಗ ಸೊಂಟವನ್ನು ನೂಕಿ ಎರಡೂ ಹಿಮ್ಮಡಿಗಳನ್ನು ಒಟ್ಟಿಗೆ ನನ್ನತ್ತ ಎಳೆದರೆ, ಆ ಭಾರೀ ದೇಹ ಸದ್ದು ಮಾಡಿಕೊಂಡು ಕೆಳಗೆ ಬರುತ್ತದೆ. ಬೆರಳು ಏಳುವ ಮುನ್ನವೇ ನೂಕಿದ ದಿನಗಳಲ್ಲಿ ನನ್ನ ತೊಡೆ ಸೋತಿತೇ ಹೊರತು ಅವರು ಕದಲಲಿಲ್ಲ.

ತೋಳು ಕೈಯಲ್ಲೇ ಇರುವುದರ ಲಾಭ ಬೀಳುವಾಗ ತಿಳಿಯುತ್ತದೆ. ಆ ಕೈಯನ್ನು ಅವರು ಹಿಂದೆ ಊರಲಾರರು. ಅಷ್ಟೇ ಅಲ್ಲ, ರಾಟೆಯ ಹಗ್ಗದಲ್ಲಿ ಒಂದು ಕೊಡ ಬಾವಿಗಿಳಿದಂತೆ ಇನ್ನೊಂದು ಮೇಲೇರುವ ಹಾಗೆ, ಅವರ ಬೀಳುವ ಭಾರವೇ ನನ್ನನ್ನು ಎಬ್ಬಿಸುತ್ತದೆ. ನಾನು ಅವರ ಬಲ ಮಗ್ಗುಲಿಗೆ ಬಂದು ಹೊಟ್ಟೆಯ ಮೇಲೆ ಮಂಡಿ ಊರುತ್ತೇನೆ. ನೆಟ್ಟಗೆ ಎಳೆದಿರುವ ತೋಳನ್ನು ಎದೆಗೆ ಅಪ್ಪಿಕೊಂಡು, ಇನ್ನೊಂದು ಕಾಲನ್ನು ತಲೆಯ ಮೇಲಿಂದ ದಾಟಿಸಿ, ಅವರ ಭುಜಕ್ಕೆ ಅಂಟಿ ಕುಳಿತು ಹಿಂದಕ್ಕೆ ಒರಗಿದರೆ ಅದೇ ಆರ್ಮ್‌ಬಾರ್, ಮೊಣಕೈಯನ್ನು ನೆಟ್ಟಗೆ ಚಾಚಿಸಿ ಸೋಲೊಪ್ಪಿಸುವ ಪಟ್ಟು. ಅವರ ಕೈಯ ಹೆಬ್ಬೆರಳು ಆಕಾಶ ನೋಡುವಂತೆ ಮಣಿಕಟ್ಟನ್ನು ಹಿಡಿದು, ಮಂಡಿಗಳನ್ನು ಬಿಗಿದು, ಸೊಂಟವನ್ನು ನಿಧಾನವಾಗಿ ಎತ್ತುತ್ತೇನೆ. ಮೊಣಕೈ ಕೀಲು ಮುನ್ಸೂಚನೆ ಕೊಟ್ಟು ಮುರಿಯುವುದಿಲ್ಲ. ಜೋಡಿ ಟ್ಯಾಪ್ ಮಾಡಲು, ಅಂದರೆ ಕೈ ತಟ್ಟಿ ಸೋಲೊಪ್ಪಲು, ಸಮಯ ಕೊಡುವುದು ನಮ್ಮ ಹೊಣೆ.

ಕೆಡವದೆ, ಎದುರಾಳಿ ನಿಂತಿರುವಾಗಲೇ ಕೆಳಗಿನಿಂದ ಆರ್ಮ್‌ಬಾರ್ ಹಾಕುವ ದಾರಿಯೂ ಇದೆ. ಅದರಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಬೇರೊಬ್ಬ ಜೋಡಿಯ ತೋಳನ್ನು ಹಿಡಿದು ಎರಡು ಕಾಲನ್ನೂ ಮೇಲೆ ಹಾಕಿ ನೇತಾಡುತ್ತಿದ್ದಾಗ, ಅವನು ಕುಸ್ತಿಯ ಅಭ್ಯಾಸಬಲದಿಂದ ನನ್ನನ್ನು ಎತ್ತಿ ಮ್ಯಾಟಿಗೆ ಅಪ್ಪಳಿಸಿದ. ಹೀಗೆ ಅಪ್ಪಳಿಸುವುದು ಸ್ಪರ್ಧೆಯಲ್ಲಿ ನಿಷಿದ್ಧ, ಆದರೆ ನಿಯಮ ಬೆನ್ನನ್ನು ಕಾಯುವುದಿಲ್ಲ. ಮೂರು ವಾರ ಪಕ್ಕೆಲುಬಿನ ನೋವಿನಿಂದ ಮಗ್ಗುಲಾಗಿ ಮಲಗಲು ಆಗಲಿಲ್ಲ. ಈಗ ಕಾಲು ಮೇಲೆ ಹಾಕುವ ಮುನ್ನವೇ ಎದುರಾಳಿಯ ಒಂದು ಕಾಲನ್ನು ಒಳಗಿನಿಂದ ತೋಳಲ್ಲಿ ಸುತ್ತಿಕೊಳ್ಳುತ್ತೇನೆ. ಅಪ್ಪಿದ ಕಾಲಿನಿಂದಾಗಿ ಅವನು ನನ್ನನ್ನು ನೆಲದಿಂದ ಬಿಡಿಸಲಾರ, ನಾನೂ ಸುಲಭವಾಗಿ ಅಡ್ಡ ತಿರುಗಬಲ್ಲೆ. ಕೈ ಕಿತ್ತುಕೊಳ್ಳಲು ಅವನು ಹಿಂದಕ್ಕೆ ಜಗ್ಗಿದರೆ, ಮತ್ತೆ ಕಾಲಿನ ಹೆಬ್ಬೆರಳು ಏಳುವುದನ್ನು ನೋಡುತ್ತೇನೆ.

ಅಂಗಿ ತೊಟ್ಟಾಗ ಇದು ನನ್ನ ಕೈಗೆ ಬಂದಿದೆ. ಏಪ್ರಿಲ್ ಧಗೆಯಲ್ಲಿ ಬನಿಯನ್ ಹಾಕಿ ಆಡುವ ದಿನಗಳಲ್ಲಿ ಬೆವರಿದ ಮಣಿಕಟ್ಟು ಇನ್ನೂ ಜಾರುತ್ತದೆ. ಮಣಿಕಟ್ಟಿನ ಬದಲು ಮೊಣಕೈಯ ಮೇಲ್ಭಾಗವನ್ನು ಹಿಂದಿನಿಂದ ಕೊಕ್ಕೆ ಹಾಕಿ ಹಿಡಿಯುವುದನ್ನು ಈ ತಿಂಗಳು ಅಣ್ಣನ ಮೇಲೆ ತಿದ್ದಿಕೊಳ್ಳುತ್ತಿದ್ದೇನೆ. ಹತ್ತರಲ್ಲಿ ಮೂರು ಬಾರಿ ಅವರು ಬೀಳುತ್ತಿದ್ದಾರೆ.