ಪಕ್ಕದೂರಿನ ಶಾಲೆ ನೋಡಿ ಕಲಿತದ್ದು: ಒಬ್ಬ ಮುಖ್ಯ ಶಿಕ್ಷಕಿಯ ಅನುಭವ

ಹಳ್ಳಿ ಶಾಲೆಯ ಮುಖ್ಯ ಶಿಕ್ಷಕರದು ಒಂಟಿ ಕೆಲಸ. ಪಾಠ ಮಾಡಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಮಕ್ಕಳ ವಿವರ ದಾಖಲಿಸುವ ಸರ್ಕಾರದ ಸ್ಯಾಟ್ಸ್ ತಂತ್ರಾಂಶಕ್ಕೆ ಮಾಹಿತಿ ತುಂಬಬೇಕು. ಇದರ ನಡುವೆ ಒಂದು ಮಗುವಿನ ವಿಷಯದಲ್ಲಿ ಏನು ಮಾಡಬೇಕೆಂದು ತೋಚದಿದ್ದರೆ ಯಾರನ್ನು ಕೇಳೋದು? ಪಾವಗಡ ತಾಲ್ಲೂಕಿನ ನಮ್ಮ ಕ್ಲಸ್ಟರ್‌ನಲ್ಲಿ (ಅಕ್ಕಪಕ್ಕದ ಶಾಲೆಗಳ ಗುಂಪು) ನಾವು ಕೆಲವರು ಸೇರಿ ಒಬ್ಬರನ್ನೊಬ್ಬರು ಕೇಳಲು ಶುರು ಮಾಡಿದೆವು.

ತಿಂಗಳ ಸಮಾಲೋಚನಾ ಸಭೆ ಮೊದಲಿನಿಂದಲೂ ಇತ್ತು. ಆದರೆ ಸುತ್ತೋಲೆ ಓದಿ ನಮೂನೆ ತುಂಬುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ಕ್ಲಸ್ಟರ್ ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಒಪ್ಪಿದರು, ಸಭೆಯನ್ನು ಪ್ರತಿ ಸಲ ಬೇರೆ ಬೇರೆ ಶಾಲೆಯಲ್ಲಿ ಇಟ್ಟುಕೊಂಡೆವು. ಬೇಗ ಹೋಗಿ ಅಡುಗೆಮನೆ, ಶೌಚಾಲಯ, ಒಂದನೇ ತರಗತಿ ನೋಡುವುದು. ಮಕ್ಕಳ ಜೊತೆ ಊಟ. ಸಭೆ ಆದ ಮೇಲೆ ಒಬ್ಬರು ತಮ್ಮ ಶಾಲೆಯ ಒಂದೇ ಒಂದು ಮಗುವಿನ ಸಮಸ್ಯೆ ಮುಂದಿಡುವುದು. ಎರಡೇ ಕಟ್ಟುಪಾಡು: ಮಗುವಿನ ಹೆಸರು ಹೇಳಬಾರದು, 'ನಮ್ಮಲ್ಲೂ ಹಾಗೇ ಬಿಡಿ ಮೇಡಂ' ಅನ್ನಬಾರದು. ಆ ಮಾತು ಬಂತೆಂದರೆ ಚರ್ಚೆ ಅಲ್ಲಿಗೇ ಮುಗಿದುಹೋಗುತ್ತದೆ.

ನಮಗೆ ಧೈರ್ಯ ಬಂದದ್ದು ಒಂದು ರ‍್ಯಾಂಪ್‌ನಿಂದ. ನಾವು ಹೋದ ಒಂದು ಶಾಲೆಯಲ್ಲಿ ರ‍್ಯಾಂಪ್ ಇತ್ತು, ಕಾಗದದಲ್ಲೂ 'ಇದೆ' ಅಂತಲೇ ಬರೆದಿತ್ತು. ಆದರೆ ಕಾಲಿಗೆ ಬಲವಿಲ್ಲದ ಒಬ್ಬ ಹುಡುಗ ಮನೆ ಆಧಾರಿತ ಶಿಕ್ಷಣದ ಪಟ್ಟಿಯಲ್ಲಿದ್ದ. ಗಾಲಿ ಕುರ್ಚಿಯೂ ಇತ್ತು. ಹಾಗಾದರೆ ಯಾಕೆ ಬರುತ್ತಿಲ್ಲ? ನಮ್ಮಲ್ಲೊಬ್ಬ ಮೇಷ್ಟ್ರು ಆ ಕುರ್ಚಿ ತರಿಸಿ, ತಾವೇ ಕೂತು, 'ತಳ್ಳಿ ನೋಡೋಣ' ಅಂದರು. ಇಬ್ಬರು ಸೇರಿ ತಳ್ಳಿದರೂ ಅರ್ಧಕ್ಕೇ ನಿಂತುಹೋಯಿತು.

ಟೇಪ್ ಹಿಡಿದು ಅಳೆದೆವು. ಜಗುಲಿಯ ಎತ್ತರ ಒಂದೂವರೆ ಅಡಿ, ರ‍್ಯಾಂಪಿನ ಉದ್ದ ಆರು ಅಡಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು ಅನ್ನುವುದು ನಿಯಮ. ಅಂದರೆ 18 ಅಡಿ ಆಗಬೇಕಿತ್ತು. ಅಂಗಳದಲ್ಲಿ ನೇರವಾಗಿ ಅಷ್ಟು ಜಾಗ ಇಲ್ಲ. ಊರಿನ ಗಾರೆ ಕೆಲಸದವರನ್ನೇ ಕೇಳಿದೆವು. ಗೋಡೆ ಪಕ್ಕದಲ್ಲೇ ಉದ್ದಕ್ಕೆ ತೆಗೆದುಕೊಂಡು ಹೋಗಿ, ಮಧ್ಯೆ ಒಂದು ಕಡೆ ಸಮತಟ್ಟು ಮಾಡಿ ತಿರುಗಿಸಿದರೆ ಆಗುತ್ತೆ ಅಂದರು ಅವರು. ಹಾಗೇ ಮಾಡಿದರು. ಸಿಮೆಂಟ್ ಹಸಿ ಇರುವಾಗಲೇ ಅಡ್ಡಗೆರೆ ಎಳೆದರು, ಮಳೆಯಲ್ಲಿ ಜಾರಬಾರದಲ್ವಾ. ಎರಡೂ ಕಡೆ ಪೈಪಿನ ಕಂಬಿ ಬಂತು. ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಮರಳು, ಜಲ್ಲಿ ಕೊಡಿಸಿದರು, ಪಂಚಾಯಿತಿ ಕೂಲಿ ಕೊಟ್ಟಿತು. ಶೌಚಾಲಯದ ಬಾಗಿಲನ್ನೂ ಅಗಲ ಮಾಡಿಸಿದೆವು. ಅದಿಲ್ಲದಿದ್ದರೆ ಹುಡುಗ ಮಧ್ಯಾಹ್ನದವರೆಗೆ ನೀರೇ ಕುಡಿಯದೆ ಕೂತಿರುತ್ತಿದ್ದ. ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಬಿಐಇಆರ್‌ಟಿ ಶಿಕ್ಷಕರು ತಾಯಿಯ ಜೊತೆ ಮಾತಾಡಿದರು. ಹುಡುಗ ಈಗ ದಿನವೂ ಬರುತ್ತಾನೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೇಳುತ್ತದೆ. ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಹೆಚ್ಚಿರುವ 6ರಿಂದ 18 ವರ್ಷದ ಮಕ್ಕಳಿಗೆ ಮನೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕಿದೆ. ಆದರೆ ಕಾಯ್ದೆ ಬಂದು ಟೇಪ್ ಹಿಡಿಯುವುದಿಲ್ಲ, ನಾವೇ ಹಿಡಿಯಬೇಕು. ಆ ತಿಂಗಳೇ ಎಲ್ಲರೂ ಅವರವರ ಶಾಲೆಯ ರ‍್ಯಾಂಪ್ ಅಳೆದರು.

ನೀರಿನ ವಿಷಯ ಬಂದದ್ದು ಊಟಕ್ಕೆ ಕೂತಾಗ. ನಮ್ಮ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಮಕ್ಕಳ ಹಲ್ಲು ನೋಡಿದರೇ ಗೊತ್ತಾಗುತ್ತದೆ, ಕಂದು ಗೆರೆ, ಮಚ್ಚೆ. ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5 ದಾಟಬಾರದು. ಕುಡಿಯುವುದಕ್ಕೆ ಎಲ್ಲ ಶಾಲೆಗಳೂ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಿಸುತ್ತಿದ್ದವು. ಒಬ್ಬ ಮೇಡಂ ಅಡುಗೆಯವರನ್ನು ಕೇಳಿದರು, 'ಅಕ್ಕಾ, ಅನ್ನಕ್ಕೆ ಯಾವ ನೀರು ಹಾಕ್ತೀರಾ?' 'ಬೋರ್ ನೀರೇ ಮೇಡಂ, ಕುದಿಸ್ತೀವಲ್ಲ.' ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಮ್ಮಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಅನ್ನ, ಸಾಂಬಾರ್ ಎರಡೂ ಅಷ್ಟೊಂದು ನೀರು ಹಿಡಿದುಕೊಳ್ಳುತ್ತವೆ. ಎಲ್ಲರೂ ಸೇರಿ ಪಂಚಾಯಿತಿಗೆ ಒಂದೇ ಅರ್ಜಿ ಕೊಟ್ಟೆವು: ಅಡುಗೆಗೂ ಘಟಕದ ನೀರು ಕೊಡಿ, ಹಾಲಿನ ಪುಡಿ ಕಲಸುವುದಕ್ಕೂ ಕೊಡಿ. ಒಬ್ಬರೇ ಬರೆದಿದ್ದರೆ ಅರ್ಜಿ ಫೈಲಿನಲ್ಲೇ ಉಳಿಯುತ್ತಿತ್ತು. ಹಲವು ಶಾಲೆಗಳ ಸೀಲು ಒಟ್ಟಿಗೆ ನೋಡಿದ ಮೇಲೆ ಕರೆದು ಮಾತಾಡಿದರು, ಕೊಟ್ಟರು.

ಇನ್ನೊಂದು ನಮ್ಮ ಆಂಧ್ರ ಗಡಿಯ ಸಂಗತಿ. ಸುಮಾರು ಮಕ್ಕಳಿಗೆ ಮನೆಮಾತು ತೆಲುಗು. ಒಂದನೇ ತರಗತಿಗೆ ಬಂದ ಮಗು ಸುಮ್ನೆ ಕೂತರೆ 'ಮಂದ' ಅಂದುಬಿಡುವುದು ಸುಲಭ. ಹೊರಗೆ ಅದೇ ಮಗು ಅರಳು ಹುರಿದಂತೆ ಮಾತಾಡುತ್ತಿರುತ್ತದೆ! ಒಂದು ಶಾಲೆಯಲ್ಲಿ ಟೀಚರ್ ಕಥೆಯನ್ನು ಮೊದಲು ತೆಲುಗಿನಲ್ಲಿ ಹೇಳಿ, ಆಮೇಲೆ ಅದೇ ಚಿತ್ರ ಹಿಡಿದು ಕನ್ನಡದಲ್ಲಿ ಹೇಳುತ್ತಿದ್ದರು. ಮಕ್ಕಳು ಅರ್ಧ ವಾಕ್ಯ ತಾವೇ ಮುಗಿಸುತ್ತಿದ್ದರು. ಅದನ್ನು ನೋಡಿದ ಮೇಲೆ ಯಾರಿಗೂ ಬೇರೆ ವಿವರಣೆ ಬೇಕಾಗಲಿಲ್ಲ. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಹುಟ್ಟಿದ್ದೂ ಹೀಗೇ ಅಲ್ವಾ? 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ಕಣ್ಣಾರೆ ನೋಡಿ ಬಂದು ತಮ್ಮ ಮಕ್ಕಳಿಗೆ ಹೊಂದುವಂತೆ ಕಟ್ಟಿದ್ದು ಅದು. ತರಬೇತಿಗಳನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ನಡೆಯುತ್ತಿರುವ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ಕಲಿಯುವುದೇ ಬೇರೆ.

ಈ ವರ್ಷದಿಂದ ಹೈಸ್ಕೂಲಿನ ಮುಖ್ಯ ಶಿಕ್ಷಕರನ್ನೂ ಕರೆಯುತ್ತಿದ್ದೇವೆ. ಏಳನೇ ತರಗತಿವರೆಗೆ ಜೋಪಾನವಾಗಿ ಬಂದ ಮಕ್ಕಳು ಎಂಟನೆಯದಕ್ಕೆ ಹೋದಾಗ ಬಿಟ್ಟುಬಿಡುವುದು ಜಾಸ್ತಿ. ಅದಕ್ಕೇ ವಿಶೇಷ ಗಮನ ಬೇಕಾದ ಪ್ರತಿ ಮಗುವಿಗೂ, ಅಪ್ಪ-ಅಮ್ಮನನ್ನು ಕೇಳಿ, ಒಂದು ಪುಟ ಬರೆದು ಟಿಸಿ ಜೊತೆ ಕೊಡುತ್ತೇವೆ. ಯಾವ ಕಿವಿ ಚೆನ್ನಾಗಿ ಕೇಳುತ್ತೆ, ಎಲ್ಲಿ ಕೂರಿಸಬೇಕು, ಫಿಟ್ಸ್ ಬಂದರೆ ಏನು ಮಾಡಬೇಕು, ಯಾವ ಗೆಳೆಯನ ಜೊತೆ ಬಸ್ಸು ಹತ್ತುತ್ತಾನೆ, ಎಸ್ಸೆಸ್ಸೆಲ್ಸಿಗೆ ಬರಹಗಾರರ ಸಹಾಯ ಬೇಕಾದರೆ ಯಾವ ಪ್ರಮಾಣಪತ್ರ ಮೊದಲೇ ಮಾಡಿಸಿಡಬೇಕು, ಇಷ್ಟೂ ಅದರಲ್ಲಿರುತ್ತದೆ. ಶಾಲೆ ಶುರುವಾಗುವ ಮುಂಚೆಯೇ ಮಗುವನ್ನು ಕರೆದುಕೊಂಡು ಹೋಗಿ ಹೈಸ್ಕೂಲಿನ ತರಗತಿ, ಶೌಚಾಲಯ ಎರಡನ್ನೂ ತೋರಿಸಿಕೊಂಡು ಬರುತ್ತೇವೆ.