ಫೋನ್ ಇಂಟರ್‌ವ್ಯೂ ಮುಗೀತು, ಮೇಲ್ ಏನಂತ ಬರೀಲಿ?

ಕೆನಡಾದಿಂದ ರಜಕ್ಕೆ ಚಿಕ್ಕಮಗಳೂರಿಗೆ ಬಂದಿದೀನಿ, ಬಂದ ದಿನದಿಂದ ಮಳೆ ಬಿಟ್ಟಿಲ್ಲ. ಟೊರಾಂಟೊಗೆ ಹೊರಟಿರೋ ನಮ್ಮೂರ ಹುಡುಗ್ರು ಹುಡುಗೀರು ಒಬ್ಬೊಬ್ರಾಗಿ ಮನೆಗೆ ಬರ್ತಾರೆ, ಜಾಕೆಟ್ ಎಷ್ಟು ದಪ್ಪದ್ದು ತಗೋಬೇಕು ಅಂತ ಕೇಳ್ತಾರೆ, ಆಮೇಲೆ ಮೆಲ್ಲಗೆ ಕೆಲಸದ ಮಾತಿಗೆ ಬರ್ತಾರೆ. ಮೊನ್ನೆ ಆಲ್ದೂರು ಕಡೆ ಹುಡುಗಿ ಒಬ್ಳು ಬಂದಿದ್ಲು. ತೋಟದ ಮನೇಲಿ ಸಿಗ್ನಲ್ ಸಿಗೋದೇ ಕಣದ ಒಂದು ಮೂಲೇಲಿ, ಅಲ್ಲೇ ಕೊಡೆ ಹಿಡ್ಕೊಂಡು ನಿಂತು ಇಪ್ಪತ್ತು ನಿಮಿಷ ಇಂಟರ್‌ವ್ಯೂ ಕೊಟ್ಟಿದಾಳೆ. ಅಷ್ಟು ಮಾಡಿದೋಳು ಆಮೇಲೆ ಥ್ಯಾಂಕ್ಸ್ ಹೇಳಿ ಕಳಿಸೋಕೆ ಅಂತ ಬರೆದಿಟ್ಟಿದ್ದ ಮೇಲ್ ನೋಡಿದ್ರೆ, 'ರೆಸ್ಪೆಕ್ಟೆಡ್ ಸರ್' ಅಂತ ಶುರುವಾಗಿ 'ಕೈಂಡ್ಲಿ ಡೂ ದ ನೀಡ್‌ಫುಲ್' ಅಂತ ಮುಗ್ದಿತ್ತು. ಮಾತಾಡಿಸಿದ್ದು ಹೆಂಗಸು ಮಾರಾಯ್ರೆ.

ತಪ್ಪು ಅವಳದ್ದಲ್ಲ, ನಾವೆಲ್ಲ ರಜಾ ಅರ್ಜಿ ಬರೆದು ಬರೆದು ಕಲಿತ ಇಂಗ್ಲಿಷ್ ಅದು. ಅಲ್ಲಿ ಹಾಯ್ ಅಂತ ಹಾಕಿ ಅವರ ಮೊದಲ ಹೆಸರು ಬರೆದ್ರೆ ಸಾಕು, ಯಾರೂ ಅಗೌರವ ಅಂದ್ಕೊಳ್ಳಲ್ಲ. ಆದ್ರೆ ಹೆಸರಿನ ಸ್ಪೆಲ್ಲಿಂಗ್ ಮಾತ್ರ ಸರಿ ಇರ್ಲಿ. ಫೋನಲ್ಲಿ ಕಿವಿಗೆ ಬಿದ್ದದ್ದನ್ನ ನಂಬಬೇಡಿ, ಕಾಲ್ ಫಿಕ್ಸ್ ಮಾಡೋವಾಗ ಬಂದ ಮೇಲ್ ತೆಗೆದು ನೋಡಿ. ಅದೇ ಮೇಲ್‌ಗೆ ರಿಪ್ಲೈ ಮಾಡಿದ್ರೆ ಇನ್ನೂ ಒಳ್ಳೇದು, ನೀವು ಯಾರು ಅಂತ ಹುಡುಕೋ ಕೆಲಸ ಅವರಿಗೆ ತಪ್ಪುತ್ತೆ. ಕೆಳಗೆ ನಿಮ್ಮ ಹೆಸರು ರೆಸ್ಯೂಮೆಲಿ ಇದ್ದಂಗೇ ಇರ್ಲಿ. ನಮ್ಮ ಇನಿಷಿಯಲ್ ಪಾಸ್‌ಪೋರ್ಟಲ್ಲಿ ಊರ ಹೆಸರೋ ಅಪ್ಪನ ಹೆಸರೋ ಆಗಿ ಬಿಚ್ಕೊಂಡು ಒಬ್ಬರೇ ಮೂರು ಜನ ಆಗಿರ್ತೀವಿ. ಇನ್ನೊಂದು, ಡಿಗ್ರಿ ಮುಗಿಸಿದ್ದನ್ನ 'ಪಾಸ್ಡ್ ಔಟ್' ಅಂತ ಬರೀಬೇಡಿ, ಅಲ್ಲಿ ಅದಕ್ಕೆ ಮೂರ್ಛೆ ಹೋದೆ ಅಂತ ಅರ್ಥ.

ಇದೆಲ್ಲ ಮೇಲ್ಮೇಲಿನ ವಿಷ್ಯ. ನಿಜವಾದ ವಿಷ್ಯ ಏನಪ್ಪಾ ಅಂದ್ರೆ, ಥ್ಯಾಂಕ್ಸ್ ಅನ್ನೋದು ಬರೀ ನೆಪ, ಫೋನಲ್ಲಿ ಮಾತಾಡೋವಾಗ ನಾಲಿಗೆ ತುದೀಲಿದ್ದು ಹೊರಗೆ ಬರದೇ ಹೋದ ಒಂದು ಮಾತನ್ನ ಹೇಳೋಕೆ ಅದೊಂದು ಚಾನ್ಸ್. ನಾನು ಕೆನಡಾಗೆ ಹೋಗೋ ಮುಂಚೆ ಇಲ್ಲೇ ಒಂದು ಕಾಫಿ ಕ್ಯೂರಿಂಗಲ್ಲಿ, ಅಂದ್ರೆ ಕಾಫಿ ಬೀಜದ ಸಿಪ್ಪೆ ತೆಗೆದು ಗ್ರೇಡ್ ಮಾಡೋ ಕಾರ್ಖಾನೇಲಿ, ಲೆಕ್ಕ ಬರೀತಿದ್ದೆ. ಅಲ್ಲಿ ಹೋಗಿ ಮೊದಲ ಫೋನ್ ಇಂಟರ್‌ವ್ಯೂ ಒಂದು ವೇರ್‌ಹೌಸ್ ಕೆಲಸಕ್ಕೆ, ಬುಕ್ಕಲ್ಲಿರೋ ಸ್ಟಾಕೂ ಗೋಡೌನಲ್ಲಿರೋ ಸ್ಟಾಕೂ ತಾಳೆ ಆಗದಿದ್ರೆ ಏನ್ಮಾಡ್ತೀಯ ಅಂತ ಕೇಳಿದ್ರು, ನಾನು ತಡವರಿಸಿ ಮ್ಯಾನೇಜರಿಗೆ ಹೇಳ್ತೀನಿ ಅಂದುಬಿಟ್ಟೆ. ಫೋನ್ ಇಟ್ಟು ಹತ್ತು ನಿಮಿಷಕ್ಕೆ ತಲೆ ಚಚ್ಕೊಳ್ಳೋ ಹಂಗಾಯ್ತು, ಯಾಕಂದ್ರೆ ವರ್ಷಗಟ್ಲೆ ಮಾಡಿದ್ದೇ ಆ ಕೆಲಸ. ಪಾರ್ಚ್‌ಮೆಂಟ್, ಅಂದ್ರೆ ಒಳಸಿಪ್ಪೆ ಇರೋ ಕಾಫಿ ಬೀಜ, ಅದರ ಮೂಟೆ ಒಳಗೆ ಬಂದ ತೂಕ ಬೇರೆ, ಸಿಪ್ಪೆ ತೆಗೆದು ಗ್ರೇಡ್ ಮಾಡಿ ಹೊರಗೆ ಹೋಗೋ ತೂಕ ಬೇರೆ, ತೇವ ಆರಿದ್ರೂ ತೂಕ ಇಳಿಯುತ್ತೆ, ಅದರಲ್ಲಿ ಸಹಜವಾಗಿ ಹೋಗಿದ್ದು ಎಷ್ಟು, ಕಳ್ಳತನವೋ ಬರವಣಿಗೆ ತಪ್ಪೋ ಎಷ್ಟು ಅಂತ ಲಾಟ್ ಲಾಟ್ ಬಿಡಿಸಿ ನೋಡೋದು. ಅದನ್ನೇ ಮೂರು ಸಾಲಲ್ಲಿ ಬರೆದೆ. ನಿಮ್ಮ ಸ್ಟಾಕ್ ಪ್ರಶ್ನೆಗೆ ನನ್ನ ಉತ್ತರ ಅರ್ಧಕ್ಕೇ ನಿಂತಿತ್ತು, ಪೂರ್ತಿ ಇದು ಅಂತ. ಮೇಲೆ ಒಂದು ಸಾಲು ಥ್ಯಾಂಕ್ಸ್, ಕೆಳಗೆ ಒಂದು ಸಾಲು ಮುಂದಿನ ರೌಂಡಿಗೆ ರೆಡಿ ಇದೀನಿ ಅಂತ. ಎರಡನೇ ರೌಂಡಲ್ಲಿ ಅವರು ಶುರು ಮಾಡಿದ್ದೇ ಕಾಫಿ ಮೂಟೆ ಮಾತು. ಕೆಲಸ ಕೊನೆಗೆ ಸಿಕ್ಕಿದ್ದು ಬೇರೆ ಕಡೆ, ಅದು ಬಿಡಿ.

ಯಾವಾಗ ಕಳಿಸ್ಬೇಕು ಅಂದ್ರೆ, ಅದೇ ದಿನ ಇಲ್ಲಾ ಮಾರನೇ ದಿನ, ಅವರ ಆಫೀಸ್ ಟೈಮಲ್ಲಿ. ಬೇಸಿಗೇಲಿ ಟೊರಾಂಟೊ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್‌ವರೆಗೆ ಹತ್ತೂವರೆ. ಇಲ್ಲಿ ಬೆಳಿಗ್ಗೆ ಎಂಟಕ್ಕೆ ದೋಸೆ ತಿಂದು ಕಳಿಸಿದ್ರೆ ಜುಲೈಲಿ ಅಲ್ಲಿ ಹಿಂದಿನ ರಾತ್ರಿ ಹತ್ತೂವರೆ ಆಗಿರುತ್ತೆ, ಬೆಳಿಗ್ಗೆ ಹೊತ್ತಿಗೆ ನಿಮ್ಮ ಮೇಲ್ ರಾಶಿ ಅಡೀಲಿ. ಜಿಮೇಲಲ್ಲಿ ಶೆಡ್ಯೂಲ್ ಸೆಂಡ್ ಇದೆ, ಬರೆದಿಟ್ಟು ಮಲಗಿ.

ಆಮೇಲೆ ಕಾಯೋದು. ಒಂದು ವಾರದಲ್ಲಿ ಹೇಳ್ತೀವಿ ಅಂದಿದ್ರೆ ವಾರದ ಮೇಲೆ ಎರಡು ಕೆಲಸದ ದಿನ ಬಿಟ್ಟು ಒಂದೇ ಒಂದು ಚಿಕ್ಕ ಮೇಲ್ ಹಾಕಿ, ಏನಾಯ್ತು ಅಂತ. ಮೂರನೇದು ಬೇಡ, ಸಾಲ ಕೊಟ್ಟೋರ ಥರ ಕಾಣ್ತೀರ. ಟೊರಾಂಟೊ ಇರೋ ಒಂಟಾರಿಯೊ ಪ್ರಾಂತ್ಯದಲ್ಲಿ 2026 ಜನವರಿ 1ರಿಂದ ಒಂದು ರೂಲ್ ಬಂದಿದೆ: 25 ಅಥವಾ ಹೆಚ್ಚು ನೌಕರರಿರೋ ಕಂಪನಿ ಜಾಹೀರಾತು ಕೊಟ್ಟು ಇಂಟರ್‌ವ್ಯೂ ಮಾಡಿದ್ರೆ, ಕೊನೆ ಇಂಟರ್‌ವ್ಯೂ ಆಗಿ 45 ದಿನದೊಳಗೆ ಆ ಕೆಲಸಕ್ಕೆ ತೀರ್ಮಾನ ಆಯ್ತಾ ಇಲ್ವಾ ಅಂತ ಕ್ಯಾಂಡಿಡೇಟಿಗೆ ತಿಳಿಸ್ಬೇಕು. ಅದನ್ನ ಮೇಲಲ್ಲಿ ಎತ್ತಿ ಜಗಳ ತೆಗೀಬೇಡಿ, ಎಷ್ಟು ದಿನ ಆಸೆ ಇಟ್ಕೋಬಹುದು ಅಂತ ಲೆಕ್ಕಕ್ಕಷ್ಟೇ.

ಹುಡುಗಿ ಎಲ್ಲ ಕೇಳಿ, ಎದ್ದು ಚಪ್ಪಲಿ ಹಾಕೋವಾಗ ಕೇಳಿದ್ಲು: ಅವರ ನಂಬರ್ ಇದೆ, ವಾಟ್ಸಾಪಲ್ಲೇ ಹಾಕಿಬಿಡ್ಲಾ? ಬೇಡಮ್ಮಾ, ಅವರಾಗೇ ಅಲ್ಲಿ ಬಂದ್ರೆ ಸರಿ, ಇಲ್ಲಾಂದ್ರೆ ಬೇಡವೇ ಬೇಡ.